ನಿಮಗಿದು ಗೊತ್ತೆ? ಊರಿನ ನೋವಿನ ಮಾತ್ರೆ, ಪರದೇಶದ ಕಾನೂನು

ಕಬ್ಬು ಕಡಿದು ಸೊಂಟ ಹಿಡಿದಾಗ ಪಾಂಡವಪುರ, ಕೆ.ಆರ್. ಪೇಟೆಯ ಮೆಡಿಕಲ್ ಸ್ಟೋರುಗಳಲ್ಲಿ ಜನ ಕೇಳುವ ಡೈಕ್ಲೋಫೆನಾಕ್ ಮಾತ್ರೆ ನಮ್ಮಲ್ಲಿ ‘ಎಚ್’ ಪಟ್ಟಿಯ ಔಷಧ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ಬ್ರಿಟನ್ನಿನಲ್ಲಿ ಇದೇ ಮಾತ್ರೆ ಕಡಿಮೆ ಪ್ರಮಾಣದಲ್ಲಿ ಚೀಟಿಯಿಲ್ಲದೆ ಸಿಗುತ್ತಿತ್ತು. ಹೃದಯಕ್ಕೆ ಅಪಾಯವೆಂದು 2015ರ ಜನವರಿಯಲ್ಲಿ ನಿಲ್ಲಿಸಿದರು. ಬರಿಹೊಟ್ಟೆಯಲ್ಲಿ ದಿನವೂ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಬಿಸಿಲಲ್ಲಿ ದುಡಿದು ಮೈಯ ನೀರು ಬತ್ತಿದವರಿಗೆ, ಅದರಲ್ಲೂ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ, ಇದರಿಂದ ಮೂತ್ರಪಿಂಡವೇ ಸೋಲಬಹುದು. ನಮ್ಮ ರೈತರ ಮಟ್ಟಿಗೆ ದೊಡ್ಡ ಭಯ ಇದೇ.

ಅಫೀಮಿನ ಬಳಗದ ನೋವುನಿವಾರಕಗಳ ಕಥೆ ಬೇರೆ. ಅವು ಚಟ ಹಿಡಿಸುತ್ತವೆ. ಈ ಬಳಗದ ಕೊಡೀನ್ ಬೆರೆತ ಮಾತ್ರೆಗಳಿಗೆ ಆಸ್ಟ್ರೇಲಿಯಾ 2018ರ ಫೆಬ್ರುವರಿ 1ರಿಂದ ಚೀಟಿ ಕಡ್ಡಾಯ ಮಾಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಭಾರತ ಇದೇ ಬಳಗದ ಟ್ರಮಡಾಲ್ ಅನ್ನು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ತಂದಿತು.

ನಾಗಮಂಗಲದಿಂದಲೋ ಶ್ರೀರಂಗಪಟ್ಟಣದಿಂದಲೋ ಮಗಳ ಬಾಣಂತನಕ್ಕೆ ದುಬೈಗೆ ಹೊರಟ ತಾಯಿ ಮಂಡಿನೋವಿಗೆಂದು ಟ್ರಮಡಾಲ್ ಒಯ್ಯುವುದಾದರೆ, ವೈದ್ಯರ ಚೀಟಿಯೊಂದೇ ಸಾಲದು. ಅಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಪಡೆದಿರಬೇಕು.