ಬೆಂಗಳೂರಿನ ಅನುಭವ ಮುಂಬೈಗೆ ನಡೆಯದು

ಕುರ್ಲಾದ ನಮ್ಮ ತಾರಸಿಯಲ್ಲಿ ಯಾವ ಮಾತೂ ಪೂರ್ತಿಯಾಗುವುದಿಲ್ಲ. ನಡುವೆ ವಿಮಾನವೊಂದು ತಲೆಯ ಮೇಲೆ ಹಾದುಹೋಗುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಮುಂಬೈನಲ್ಲಿ ಗಂಟೆಗೆ 46ರಷ್ಟು ವಿಮಾನಗಳು ಏರಿಳಿಯುತ್ತವೆ. ರನ್‌ವೇ ಎರಡಿದ್ದರೂ ಒಂದನ್ನೊಂದು ಅಡ್ಡಹಾಯುವುದರಿಂದ ಬಳಕೆಗೆ ಒಂದೇ ಇದ್ದಂತೆ. ಇದನ್ನು ಹೇಳಿದವರು ನಮ್ಮದೇ ಕಟ್ಟಡದ, ಗದಗ ಕಡೆಯ ವಿಮಾನ ಸಂಚಾರ ನಿಯಂತ್ರಕರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದು ವರ್ಗವಾಗಿ ಬಂದವರು.

"ಬಂದು ನಾಕು ತಿಂಗಳಾತ್ರಿ, ಇನ್ನೂ ಒಬ್ಬನೇ ಕುಂತು ಒಂದು ವಿಮಾನಕ್ಕೂ ಮಾತಾಡಿಲ್ಲ" ಎಂದರು. ಕಂಪನಿ ಬದಲಿಸಿದ ವಾರದಲ್ಲೇ ಕೋಡ್ ಬರೆಯಲು ಕೂತವನಿಗೆ ಇದು ವಿಚಿತ್ರವೆನಿಸಿತು.

ಈ ಕೆಲಸಕ್ಕೆ ಸೇರುವ ದಾರಿ ಅನೇಕರಿಗೆ ಗೊತ್ತು. ಭೌತಶಾಸ್ತ್ರ, ಗಣಿತ ಓದಿದ ಬಿ.ಎಸ್‌ಸಿ. ಅಥವಾ ಎಂಜಿನಿಯರಿಂಗ್ ಪದವಿ, 27ರೊಳಗಿನ ವಯಸ್ಸು, ಪ್ರಾಧಿಕಾರದ ಪರೀಕ್ಷೆ, ಧ್ವನಿ ಪರೀಕ್ಷೆ, ವೈದ್ಯಕೀಯ ತಪಾಸಣೆ. ಆಮೇಲೆ ಪ್ರಯಾಗ್‌ರಾಜ್‌ನಂಥ ಕಡೆ ತರಬೇತಿ. ಅಲ್ಲಿನ ಕಾಲೇಜು 1948ರದು. ಪರವಾನಗಿ ಕೊಡುವುದು ಡಿಜಿಸಿಎ.

ಆದರೆ ಬರೀ ಪರವಾನಗಿಯಿಂದ ಮೈಕ್ ಕೈಗೆ ಬರುವುದಿಲ್ಲ. ಅದರ ಮೇಲೆ 'ರೇಟಿಂಗ್' ಬೇಕು. ಟವರ್‌ಗೆ ಒಂದು, ಇಳಿಯಲು ಬರುವ ವಿಮಾನಗಳನ್ನು ಸಾಲುಗೂಡಿಸುವ ಅಪ್ರೋಚ್‌ಗೆ ಒಂದು, ದೂರದ ಮಾರ್ಗಗಳನ್ನು ನೋಡುವ ಏರಿಯಾ ಕಂಟ್ರೋಲ್‌ಗೆ ಇನ್ನೊಂದು. ಅದೂ ನಿರ್ದಿಷ್ಟ ಸ್ಥಳಕ್ಕೆ ಮಾತ್ರ. ಬೆಂಗಳೂರಿನದು ಸಮಾನಾಂತರ ರನ್‌ವೇಗಳ ಊರು, ಪಕ್ಕದಲ್ಲೇ ಯಲಹಂಕ ವಾಯುನೆಲೆ, ಎಚ್‌ಎಎಲ್. ಮುಂಬೈನಲ್ಲಿ ಕಡಲು, ಜುಹೂ ಹೆಲಿಕಾಪ್ಟರ್‌ಗಳು. "ಹಳೇ ನಕಾಶೆ ತಲಿಯಾಗಿಂದ ಮೊದಲು ಅಳಿಸಬೇಕ್ರಿ" ಎನ್ನುತ್ತಾರೆ ಅವರು. ಹಾಗಾಗಿ ಇಷ್ಟು ಅನುಭವಿಯೂ ಇಲ್ಲಿ ಮತ್ತೆ ಶಿಷ್ಯ. ಪಕ್ಕದಲ್ಲಿ ರೇಟಿಂಗ್ ಇರುವವರು ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಕೂರುತ್ತಾರೆ. ತಪ್ಪಿದರೆ ತಕ್ಷಣ ತಾವೇ ಮಾತನಾಡುತ್ತಾರೆ. ಆ ಹೊಣೆ ಅವರದೇ.

ಪಡೆದ ರೇಟಿಂಗೂ ಶಾಶ್ವತವಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಹೆಚ್ಚೆಂದರೆ ಆರು ತಿಂಗಳು ಆ ಕೆಲಸ ಮಾಡದಿದ್ದರೆ ಅದು ಅಸಿಂಧು. ಇಂಗ್ಲಿಷ್‌ಗೂ ಹಂತಗಳಿವೆ; ನಾಲ್ಕನೇ ಹಂತದವರಿಗೆ ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ. ಇದು ಬರೀ ಕಾಗದದ ಶಾಸ್ತ್ರವಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, 15 ಸಾವಿರ ಅಡಿಯಲ್ಲೇ ಇರಬೇಕಿದ್ದ ಕಝಕ್ ವಿಮಾನ ಕೆಳಗಿಳಿದು ಸೌದಿ ವಿಮಾನಕ್ಕೆ ಅಪ್ಪಳಿಸಿತು. 349 ಜನ ಸತ್ತರು. ಕಝಕ್ ಸಿಬ್ಬಂದಿಯ ಇಂಗ್ಲಿಷ್ ಕೊರತೆಯೂ ಆಗ ಚರ್ಚೆಯಾಯಿತು. ಇಂದು ಪೈಲಟ್, ನಿಯಂತ್ರಕ ಇಬ್ಬರಿಗೂ ಭಾಷಾ ಪರೀಕ್ಷೆಯಿದೆ. ಒಂಬತ್ತನ್ನು 'ನೈನ್' ಎನ್ನದೆ 'ನೈನರ್' ಎಂದೇ ಹೇಳಬೇಕು.

ನನಗೆ ಚಿಂತೆಯಾಗುವುದು ಇನ್ನೊಂದು. ನಿಯಂತ್ರಕರ ಕೊರತೆಯನ್ನು ಸಂಸದೀಯ ಸಮಿತಿಯೂ ಎತ್ತಿ ಹೇಳಿದೆ. ನಮ್ಮಲ್ಲಾದರೆ ಬೇರೆ ತಂಡದಿಂದ ನಾಲ್ಕು ಜನರನ್ನು ಎಳೆದು ತಂದು ಪ್ರಾಜೆಕ್ಟ್ ಮುಗಿಸುತ್ತೇವೆ. ಇಲ್ಲಿ ವರ್ಗಾವಣೆಯಾದ ದಿನ ಒಂದು ಊರಲ್ಲಿ ಕುರ್ಚಿ ಖಾಲಿಯಾಗುತ್ತದೆ, ಇನ್ನೊಂದು ಊರಿನ ಕುರ್ಚಿ ತಿಂಗಳುಗಟ್ಟಲೆ ತುಂಬುವುದಿಲ್ಲ. ಉಳಿದವರ ಮೇಲೆ ಭಾರ ಬೀಳುತ್ತದೆ. ಹಾಗೆಂದು ಈ ತಿಂಗಳುಗಳನ್ನು ಕಡಿಮೆ ಮಾಡಿ ಎನ್ನಲು, ಇದೇ ತಾರಸಿಯ ಕೆಳಗೆ ಮಲಗುವ ನನಗೆ ಧೈರ್ಯವಿಲ್ಲ. ಜನರನ್ನೇ ಮೊದಲೇ ನೇಮಿಸಿಕೊಳ್ಳಬೇಕು.

ಕಳೆದ ವಾರ ಅವರ ಮೌಖಿಕ ಪರೀಕ್ಷೆ ಮುಗಿಯಿತು. ಮೊನ್ನೆ ರಾತ್ರಿ ತಾರಸಿಗೆ ಹೋದಾಗ ಅವರು ಇರಲಿಲ್ಲ. ಡ್ಯೂಟಿಗೆ ಹೋಗಿದ್ದಾರೆ ಎಂದರು ಮನೆಯವರು.