ಯಶವಂತಪುರದ ಮಣ್ಣಿನಲ್ಲಿ ಕೈಸರನ ಮುಖ

ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ನಡುವೆ ಎಲ್ಲೂ ಬದಲಿಸದೆ ಯಶವಂತಪುರದಲ್ಲಿ ಇಳಿಯಬಹುದು. ಬನಶಂಕರಿ, ಜೆ.ಪಿ. ನಗರದವರಿಗೂ ಅದೇ ರೈಲು. ಇಳಿದವರ ಕಣ್ಣೆಲ್ಲ ಊರಿಗೆ ಹೋಗುವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎನ್ನುವುದರ ಮೇಲೆ. ಕಾಲಡಿಯ ಮಣ್ಣನ್ನು ನೋಡಲು ಯಾರಿಗೆ ಪುರುಸೊತ್ತು? ಆದರೆ 1891ರಲ್ಲಿ ಇದೇ ಯಶವಂತಪುರದ ನೆಲದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. 1965ರಲ್ಲಿ ಎಚ್‌ಎಎಲ್ ಬಳಿ ಇನ್ನೂ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಂಥವು ದೊರೆತಿವೆ. ಅಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು.

ಈ ನಾಣ್ಯಗಳ ಮೇಲಿರುವ ಮುಖಗಳಲ್ಲಿ ಎರಡು ಹೆಸರು ಬೈಬಲ್ ಓದಿದವರಿಗೆ ಪರಿಚಿತ: ಔಗುಸ್ತ ಮತ್ತು ತಿಬೇರಿಯ. ಬೈಬಲ್ ಓದದವರಿಗೂ ಮೊದಲನೆಯವನು ಗೊತ್ತು. ಗೋಡೆಯ ಕ್ಯಾಲೆಂಡರಿನ ಎಂಟನೇ ಹಾಳೆಗೆ ಅವನದೇ ಹೆಸರು.

ತಿಬೇರಿಯನ ನಾಣ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದೀನಾರಿಯಸ್ ಎಂದು ಅದರ ಹೆಸರು. ಅಗಲದಲ್ಲಿ ನಮ್ಮ ಒಂದು ರೂಪಾಯಿಗಿಂತ ತುಸು ಚಿಕ್ಕದು, ತೂಕ 4 ಗ್ರಾಂಗೆ ಕೊಂಚ ಕಡಿಮೆ. ಒಬ್ಬ ಕೂಲಿಯಾಳಿನ ಒಂದು ದಿನದ ದುಡಿಮೆಯ ಬೆಲೆ. ಒಂದು ಬದಿಯಲ್ಲಿ ಚಕ್ರವರ್ತಿಯ ತಲೆ, ಸುತ್ತ ಮೊಟಕು ಮಾಡಿದ ಲ್ಯಾಟಿನ್ ಅಕ್ಷರಗಳು: ದೇವನಾದ ಔಗುಸ್ತನ ಮಗ ತಿಬೇರಿಯ ಕೈಸರ ಎಂಬರ್ಥ. ಇನ್ನೊಂದು ಬದಿಯಲ್ಲಿ ಕೈಯಲ್ಲಿ ಕೊಂಬೆ ಹಿಡಿದು ಕೂತ ಹೆಂಗಸು, ಪಕ್ಕದಲ್ಲಿ 'ಪೊಂಟಿಫ್ ಮ್ಯಾಕ್ಸಿಮ್', ಎಂದರೆ ಮಹಾಪುರೋಹಿತ. ದೇವಪುತ್ರ, ಮಹಾಪುರೋಹಿತ. ಮುಂದೆ ಯೇಸುವಿಗೆ ಸಲ್ಲಲಿದ್ದ ಎರಡು ಬಿರುದುಗಳು ಯೇಸು ಬದುಕಿದ್ದಾಗಲೇ ಇನ್ನೊಬ್ಬನ ಹೆಸರಿನಲ್ಲಿ ಟಂಕಸಾಲೆಯಿಂದ ಹೊರಬಿದ್ದಿದ್ದವು.

ತೆರಿಗೆ ಕೊಡಬೇಕೋ ಬೇಡವೋ ಎಂದು ಸಿಕ್ಕಿಸಲು ಬಂದವರ ಕೈಯಿಂದ ಯೇಸು ಒಂದು ನಾಣ್ಯ ತರಿಸಿ, ಇದರ ಮೇಲಿನ ಮುಖ ಯಾರದು ಎಂದು ಕೇಳಿದ ಪ್ರಸಂಗ ಪ್ರಸಿದ್ಧ. ಕೈಸರನದು ಕೈಸರನಿಗೆ, ದೇವರದು ದೇವರಿಗೆ ಸಲ್ಲಲಿ ಎಂಬುದು ಅಲ್ಲಿ ಬಂದ ಉತ್ತರ. ಆ ನಾಣ್ಯ ತಿಬೇರಿಯನ ಈ ದೀನಾರಿಯಸ್ಸೇ ಇರಬೇಕೆಂದು ನಾಣ್ಯಶಾಸ್ತ್ರಜ್ಞರಲ್ಲಿ ಹಲವರ ಊಹೆ. ಹಾಗಿದ್ದರೆ ಜೆರುಸಲೇಮಿನಲ್ಲಿ ಆ ಮಾತು ಹುಟ್ಟಿಸಿದ ನಾಣ್ಯದ ಒಡಹುಟ್ಟುಗಳು ನಮ್ಮ ಊರಿನ ಮಣ್ಣಿನಲ್ಲಿ ಮಲಗಿದ್ದವು. ಬೆಂಗಳೂರಿಗೆ ಕೈಸರ ಬಂದದ್ದು ಕ್ರಿಸ್ತನಿಗಿಂತ ಮೊದಲೇ ಎಂದರೂ ತಪ್ಪಿಲ್ಲ.

ಹಳೆಯ ಕನ್ನಡ ಬೈಬಲನ್ನು ಬಿಡಿಸಿ ನೋಡಿ, ಸುವಾರ್ತೆಯ ತುಂಬ ಕಚೇರಿಯ ಮಾತುಗಳೇ. ಯೇಸುವಿನ ಜನನಕ್ಕೆ ಹಿನ್ನೆಲೆಯಾಗಿ ಬರುವುದು ಔಗುಸ್ತನ ಜನಗಣತಿ. ಅದಕ್ಕೆ ಅನುವಾದಕರು ಬಳಸಿದ ಪದ 'ಖಾನೇಷುಮಾರಿ'. ಮತ್ತಾಯ ಸುಂಕದವನು. ಶಿಲುಬೆಯ ಬಳಿ ನಿಂತವನು ಶತಾಧಿಪತಿ. ತೀರ್ಪು ಕೊಟ್ಟ ಪಿಲಾತ ದೇಶಾಧಿಪತಿ. ಹಳ್ಳಿಯ ಬಡವನಿಗೆ ಸಾಮ್ರಾಜ್ಯ ಎಂದರೆ ಅರಮನೆಯಲ್ಲ, ಮನೆ ಬಾಗಿಲಿಗೆ ಬರುವ ಸುಂಕದವನು. ಅದನ್ನು ತಾಲ್ಲೂಕು ಕಚೇರಿಯ ಕನ್ನಡದಲ್ಲಿ ಹೇಳಿದವರು ಸರಿಯಾಗಿಯೇ ಹೇಳಿದರು. ಇಂದಿಗೂ ಭಾನುವಾರದ ವಿಶ್ವಾಸ ಪ್ರಮಾಣದಲ್ಲಿ ಯೇಸು, ಮರಿಯಮ್ಮನವರ ಜೊತೆಗೆ ಬರುವ ಇನ್ನೊಂದೇ ಮನುಷ್ಯನ ಹೆಸರು ಆ ರೋಮನ್ ಅಧಿಕಾರಿಯದು.

ಇನ್ನು ರೋಮಿನ ಬೆಳ್ಳಿ ಇಲ್ಲಿಗೆ ಹರಿದ ಬಗ್ಗೆ ಅಲ್ಲೇ ಒಬ್ಬ ಗೊಣಗಿದ್ದ. ಹಿರಿಯ ಪ್ಲಿನಿ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹೋಗುತ್ತಿದೆ ಎಂದು ಬರೆದ. ನಾಲ್ಕು ಸೆಸ್ಟರ್ಸ್‌ಗೆ ಒಂದರಂತೆ ಒಂದೂಕಾಲು ಕೋಟಿ ದೀನಾರಿಯಸ್. ಮೆಣಸು, ಮುತ್ತು, ನಯವಾದ ಬಟ್ಟೆಯ ಚಟ. ತಮಾಷೆಯೆಂದರೆ, ಕ್ರೈಸ್ತರ ಬಗ್ಗೆ ರೋಮನ್ ಆಡಳಿತ ಬರೆದ ಅತಿ ಮುಖ್ಯ ಕಾಗದ ಇದೇ ಮನೆಯದು. ಪ್ಲಿನಿಯ ಸೋದರಿಯ ಮಗ ಕಿರಿಯ ಪ್ಲಿನಿ ಬಿಥಿನಿಯ ಪ್ರಾಂತದ ಅಧಿಪತಿಯಾಗಿದ್ದಾಗ, ಸುಮಾರು ಕ್ರಿ.ಶ. 112ರಲ್ಲಿ, ಚಕ್ರವರ್ತಿ ಟ್ರಾಜನನಿಗೆ ಬರೆದ. ಈ ಜನರನ್ನು ಏನು ಮಾಡಲಿ? ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ನಿಂದಿಸಿದವರನ್ನು ಬಿಡುತ್ತಿದ್ದೇನೆ, ಮೂರು ಸಲ ಕೇಳಿದರೂ ಹಟ ಹಿಡಿದವರನ್ನು ಕೊಲ್ಲಿಸುತ್ತಿದ್ದೇನೆ. ಸತ್ಯ ಹೊರಡಿಸಲೆಂದು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟದ್ದನ್ನೂ ಅಷ್ಟೇ ಸಲೀಸಾಗಿ ಬರೆದಿದ್ದಾನೆ. ಟ್ರಾಜನನ ಉತ್ತರ ಚಿಕ್ಕದು: ಹುಡುಕಿಕೊಂಡು ಹೋಗಬೇಡ, ಸಿಕ್ಕಿಬಿದ್ದು ನಂಬಿಕೆ ಬಿಡದಿದ್ದರೆ ಶಿಕ್ಷಿಸು, ಮೂಗರ್ಜಿಗೆ ಬೆಲೆ ಕೊಡಬೇಡ.

ಮುನ್ನೂರು ವರ್ಷ ಎಡೆಬಿಡದೆ ಸಿಂಹಗಳ ಬಾಯಿಗೆ ಎಸೆದರು ಎಂಬುದು ಸಿನಿಮಾದವರ ಇತಿಹಾಸ. ಹಿಂಸೆ ಬಿಟ್ಟು ಬಿಟ್ಟು ಬಂತು, ಬಹಳ ಸಲ ಸ್ಥಳೀಯವಾಗಿ. ಸಾಮ್ರಾಜ್ಯದ ಉದ್ದಗಲಕ್ಕೂ ಕೈಚಾಚಿದ್ದು 250ರ ಸುಮಾರಿಗೆ, ಡೇಸಿಯಸ್‌ನ ಆಜ್ಞೆಯಿಂದ. ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕು, ಅರ್ಪಿಸಿದ್ದಕ್ಕೆ ಸಾಕ್ಷಿ ಸಮೇತ ಪ್ರಮಾಣಪತ್ರ ಪಡೆಯಬೇಕು. ಅಂಥ 40ಕ್ಕೂ ಹೆಚ್ಚು ಚೀಟಿಗಳು ಈಜಿಪ್ಟಿನ ಮರಳಲ್ಲಿ ಉಳಿದಿವೆ. ಕೆಲವು ಸಿಕ್ಕಿದ್ದು ಆಕ್ಸಿರಿಂಕಸ್ ಊರಿನ ತಿಪ್ಪೆಗಳಲ್ಲಿ. ಕನ್ನಡ ಮಾತುಗಳಿವೆ ಎಂದು ಹುಲ್ಟ್ಶ್, ಶಾಮಶಾಸ್ತ್ರಿ, ಗೋವಿಂದ ಪೈ ಅವರಂಥ ವಿದ್ವಾಂಸರು ವಾದಿಸಿದ, ಒಪ್ಪದವರೂ ಇರುವ ಗ್ರೀಕ್ ಪ್ರಹಸನವೊಂದರ ಹಾಳೆ ಬಂದದ್ದೂ ಆ ಊರಿನಿಂದಲೇ.

ಆಮೇಲಿನ ಕಥೆ ಗೊತ್ತಿರುವಂಥದ್ದೇ. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಧರ್ಮಸ್ವಾತಂತ್ರ್ಯ ಕೊಟ್ಟರು. 325ರಲ್ಲಿ ನೈಸಿಯಾ ಸಭೆಗೆ ಬಿಷಪ್ಪರು ಸರ್ಕಾರಿ ಗಾಡಿಗಳಲ್ಲಿ ಬಂದಿಳಿದರು. ಅವರಲ್ಲಿ ಕೆಲವರ ಮೈಮೇಲೆ ಹಿಂದಿನ ಚಕ್ರವರ್ತಿಗಳ ಕಾಲದ ಗಾಯದ ಗುರುತುಗಳು ಇನ್ನೂ ಇದ್ದವು. 380ರಲ್ಲಿ ಥಿಯೊಡೋಸಿಯಸ್ ಕ್ರೈಸ್ತಧರ್ಮವನ್ನು ರಾಜಧರ್ಮವೇ ಮಾಡಿದ. ಆಡಳಿತದ ಚೌಕಟ್ಟೂ ಹಾಗೇ ಧರ್ಮಸಭೆಯೊಳಕ್ಕೆ ನಡೆದುಬಂತು. ಡಯೊಸಿಸ್ ಎಂಬುದು ಚಕ್ರವರ್ತಿ ಡಯೊಕ್ಲೀಷಿಯನ್ ಮಾಡಿದ ಆಡಳಿತ ವಿಭಾಗ. ಕನ್ನಡ ಕಥೋಲಿಕರು ಅದನ್ನು ಧರ್ಮಪ್ರಾಂತ್ಯ ಎನ್ನುತ್ತಾರೆ, 'ಪ್ರಾಂತ್ಯ' ಎನ್ನುವಲ್ಲಿ ರೋಮಿನ ವಾಸನೆ ಉಳಿದಿದೆ. ಬೆಂಗಳೂರು ಧರ್ಮಪ್ರಾಂತ್ಯವಾದದ್ದು 1940ರಲ್ಲಿ, ಮಹಾಧರ್ಮಪ್ರಾಂತ್ಯವಾದದ್ದು 1953ರಲ್ಲಿ.

ನಾಣ್ಯದ ಹಿಂಬದಿಯ ಪದಕ್ಕೆ ಬರೋಣ. ಪೊಂಟಿಫೆಕ್ಸ್ ಎಂದರೆ ಅಕ್ಷರಶಃ ಸೇತುವೆ ಕಟ್ಟುವವ. ನಾಲ್ಕನೇ ಶತಮಾನದ ಕೊನೆಯಲ್ಲಿ ಕ್ರೈಸ್ತ ಚಕ್ರವರ್ತಿ ಗ್ರೇಷಿಯನ್ ಆ ಬಿರುದನ್ನು ಕೈಬಿಟ್ಟ. ಕಾಲಕ್ರಮದಲ್ಲಿ ಅದು ಪೋಪರದಾಯಿತು. ಬಿಟಿಎಂ ಲೇಔಟಿನಿಂದ ಡೈರಿ ಸರ್ಕಲ್ ಮೇಲ್ಸೇತುವೆಯ ಕಡೆ ಬಂದರೆ, ಹೊಸೂರು ರಸ್ತೆಯ ಪಕ್ಕ ಧರ್ಮಾರಾಮ್ ಕಾಲೇಜಿನ ಆವರಣ ಇದೆ. ಅಲ್ಲಿನ ಧರ್ಮಾರಾಮ್ ವಿದ್ಯಾಕ್ಷೇತ್ರ 'ಪೊಂಟಿಫಿಕಲ್ ಅಥೇನಿಯಂ'; ತತ್ವಶಾಸ್ತ್ರ, ದೈವಶಾಸ್ತ್ರದ ಜೊತೆ ರೋಮನ್ ಕಾನೂನಿನ ನೆರಳಲ್ಲಿ ಬೆಳೆದ ಧರ್ಮಸಭೆಯ ಕಾನೂನನ್ನೂ ಕಲಿಸುತ್ತದೆ. ತಿಬೇರಿಯನ ನಾಣ್ಯದ ಪದ ದಕ್ಷಿಣ ಬೆಂಗಳೂರಿನಲ್ಲಿ ಚಲಾವಣೆಯಲ್ಲೇ ಇದೆ.

ಆದರೆ ಧರ್ಮಾರಾಮ್ ಕೇರಳದ ಸಿರೋ ಮಲಬಾರ್ ಪರಂಪರೆಯ ಸನ್ಯಾಸಿಗಳದು. ಕ್ರಿ.ಶ. 52ರಲ್ಲಿ ಬಂದ ಸಂತ ತೋಮರಿಂದ ತಮ್ಮ ಮೂಲ ಎನ್ನುವ ಈ ಜನರ ಪೂಜೆಯ ಹಳೆಯ ಭಾಷೆ ಸುರಿಯಾನಿ, ಹಳೆಯ ಸಂಬಂಧ ಪರ್ಷಿಯದ ಸಭೆಯ ಜೊತೆ. ಆ ನೆಂಟಸ್ತಿಕೆ ರೋಮ್ ಸಾಮ್ರಾಜ್ಯದ ಗಡಿಯಾಚೆಯದು. ಗಡಿಯಾಚೆ ನಿಂತು ನೋಡಿದರೆ ಕಾನ್‌ಸ್ಟಂಟೈನನ ಗೆಲುವು ಬೇರೆಯೇ ಕಾಣುತ್ತದೆ. ಶತ್ರುರಾಜನ ಧರ್ಮದವರು ಎಂಬ ಅನುಮಾನಕ್ಕೆ ಸಿಕ್ಕಿ ಪರ್ಷಿಯದ ಕ್ರೈಸ್ತರು ಎರಡನೇ ಶಾಪುರನ ಕೈಯಲ್ಲಿ ದಶಕಗಟ್ಟಲೆ ಸತ್ತರು. ನೈಸಿಯಾದ ತೀರ್ಮಾನಗಳನ್ನು ಆ ಸಭೆ ಒಪ್ಪಿದ್ದು 410ರಲ್ಲಿ, ಅದೂ ಪರ್ಷಿಯದ ದೊರೆಯ ಅನುಮತಿ ಪಡೆದು. ರೋಮಿನ ಕೃಪೆಯನ್ನು ಮಾತ್ರ ಬರೆದು ಅದರ ಬೆಲೆ ತೆತ್ತವರನ್ನು ಬಿಡುವ ಚರಿತ್ರೆಯನ್ನು ನಾನು ನಂಬುವುದಿಲ್ಲ.

ಜಯನಗರ, ಬನಶಂಕರಿಯಲ್ಲಿ ಈಗ ಹಳೆಯ ಮನೆಗಳನ್ನು ಕೆಡವಿ ನೆಲಮಾಳಿಗೆಗೆ ಜೆಸಿಬಿ ಇಳಿಸುತ್ತಿದ್ದಾರೆ. ನಿಮ್ಮ ಸೈಟಿನಲ್ಲೂ ಪಾಯ ತೋಡುವಾಗ ಕಪ್ಪಗಾದ ಬೆಳ್ಳಿ ಬಿಲ್ಲೆ ಕಂಡರೆ ಉಜ್ಜಿ ಹೊಳಪು ಮಾಡಬೇಡಿ, ಚಿನಿವಾರನ ಅಂಗಡಿಗೆ ಒಯ್ಯಬೇಡಿ. ಜಿಲ್ಲಾಧಿಕಾರಿಗೆ ತಿಳಿಸಿ. ನಿಧಿ ಸಿಕ್ಕರೆ ಏನು ಮಾಡಬೇಕೆಂದು ಹೇಳುವ ಕರ್ನಾಟಕದ ಕಾನೂನು 1962ರಿಂದಲೂ ಇದೆ.