ಹೂಂ ಅನ್ನುವ ಮಗುವಿಗೆ ಅರ್ಥವಾಗಿದೆಯೇ?

‘ಹೇಳಿದ್ದಕ್ಕೆಲ್ಲ ಹೂಂ ಅಂತಾನೆ, ಮಾಡೋದು ಮಾತ್ರ ಇನ್ನೇನೋ.’ ಪೋಷಕರ ಸಭೆಗಳಲ್ಲಿ ಇದು ಮಾಮೂಲಿ ದೂರು. ಕಿವಿ ಪರೀಕ್ಷೆ ಮಾಡಿಸಿದರೆ ಏನೂ ತೊಂದರೆಯಿಲ್ಲ, ಹುಡುಗ ಆಟದಲ್ಲಿ ಚುರುಕು. ಕೊನೆಗೆ ‘ಗಮನ ಕೊಡಲ್ಲ’ ಎಂಬ ಹಣೆಪಟ್ಟಿ ಅಂಟುತ್ತದೆ. ಇಂಥವರಲ್ಲಿ ಕೆಲವರಿಗೆ ತೊಡಕಿರುವುದು ಗಮನದಲ್ಲಲ್ಲ, ವಾಕ್ಯದಲ್ಲಿ.

ಇದರ ಹೆಸರು ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ. ಬ್ರಿಟನ್ನಿನ ಮನೋವಿಜ್ಞಾನಿ ಡೊರೊತಿ ಬಿಷಪ್ ಮುಂದಾಳತ್ವದಲ್ಲಿ ತಜ್ಞರು ಚರ್ಚಿಸಿ ಒಪ್ಪಿದ ಈ ಹೆಸರು 2017ರಲ್ಲಿ ಪ್ರಕಟವಾಯಿತು. ಇಂಗ್ಲೆಂಡ್, ಅಮೆರಿಕಗಳ ಸಮೀಕ್ಷೆಗಳ ಪ್ರಕಾರ ಶಾಲೆ ಸೇರುವ ವಯಸ್ಸಿನ 100 ಮಕ್ಕಳಲ್ಲಿ ಸುಮಾರು 7 ಮಂದಿಗೆ ಇಂಥ ಭಾಷಾ ತೊಂದರೆ ಇದೆ. ಆದರೂ ಆಟಿಸಂನಷ್ಟು ಇದು ಜನರ ಬಾಯಲ್ಲಿಲ್ಲ.

‘ಹುಡುಗಿ ದೋಸೆ ತಿಂದಳು’ ಎಂದರೆ ಯಾವ ಮಗುವೂ ಎಡವುವುದಿಲ್ಲ. ದೋಸೆಯಂತೂ ಹುಡುಗಿಯನ್ನು ತಿನ್ನದು. ಪದಗಳಷ್ಟೇ ಗೊತ್ತಿದ್ದರೆ ಸಾಕು, ವ್ಯಾಕರಣದ ಹಂಗಿಲ್ಲ. ಈಗ ಇವೆರಡನ್ನು ನೋಡಿ: ‘ನಾಯಿ ಓಡಿಸಿದ ಬೆಕ್ಕು’, ‘ನಾಯಿಯನ್ನು ಓಡಿಸಿದ ಬೆಕ್ಕು’. ನಡುವೆ ಒಂದು ‘ಅನ್ನು’ ಸೇರಿದ್ದೇ ತಡ, ಓಡುವವರು ಓಡಿಸುವವರು ಅದಲುಬದಲು. ವಿಭಕ್ತಿಯ ಆ ಪುಟ್ಟ ತುಣುಕು ಹಿಡಿತಕ್ಕೆ ಸಿಗದ ಮಗು ಎರಡಕ್ಕೂ ನಾಯಿಯೇ ಅಟ್ಟುತ್ತಿರುವ ಚಿತ್ರವನ್ನು ತೋರಿಸಬಹುದು. ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದೂ ಅದೇ ತಾನೆ!

ಬಿಷಪ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಪರೀಕ್ಷೆ ನಡೆಯುವುದು ಹೀಗೆಯೇ. ಪುಟದಲ್ಲಿ ನಾಲ್ಕು ಚಿತ್ರ. ಪರೀಕ್ಷಕರು ಒಂದು ವಾಕ್ಯ ಹೇಳುತ್ತಾರೆ, ಮಗು ಸರಿಯಾದುದಕ್ಕೆ ಬೆರಳಿಡಬೇಕು. ಕಣ್ಸನ್ನೆಯ ಸುಳಿವಿಲ್ಲ, ಊಹೆಗೆ ಜಾಗ ಕಡಿಮೆ. ಮನೆಯಲ್ಲಿ ಹಾಗಲ್ಲ. ತಟ್ಟೆಯ ಕಡೆ ಕೈ ತೋರಿಸಿಯೇ ‘ತಟ್ಟೆ ತಗೊಂಡು ಬಾ’ ಅನ್ನುತ್ತೇವೆ. ಮಗು ತಟ್ಟೆ ತಂದಿತೆಂದು ವಾಕ್ಯ ಅರ್ಥವಾಯಿತೆನ್ನುವುದು ಅವಸರದ ತೀರ್ಮಾನ.

ಕಾರಣದ ಬಗ್ಗೆ ತಜ್ಞರಲ್ಲಿ ಜಗಳವಿದೆ. ವ್ಯಾಕರಣದ ಅರಿವೇ ಸೊರಗಿದೆ ಎಂಬುದು ಹೆದರ್ ವಾನ್ ಡರ್ ಲೆಲಿ ಅವರ ವಾದ. ಕೇಳಿದ್ದನ್ನು ಕ್ಷಣಕಾಲ ಹಿಡಿದಿಡುವ ನೆನಪೇ ದುರ್ಬಲ ಎಂದು 1990ರಲ್ಲಿ ಮನೋವಿಜ್ಞಾನಿಗಳಾದ ಗ್ಯಾದರ್‌ಕೋಲ್ ಮತ್ತು ಬ್ಯಾಡ್ಲಿ ಹೇಳಿದರು. ಅದಕ್ಕೆ ಸಾಕ್ಷಿಯಾಗಿ, ಅರ್ಥವಿಲ್ಲದ ಉದ್ದನೆಯ ಪದಗಳನ್ನು ತಿರುಗಿ ಹೇಳಲು ಈ ಮಕ್ಕಳು ಕಷ್ಟಪಡುತ್ತಾರೆ. ಎರಡರಲ್ಲೂ ಹುರುಳಿದೆ ಅನ್ನಿಸುತ್ತದೆ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ಅಲ್ಲಿಯವರೆಗೆ ಉಳಿದ ಪದಗಳನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿರಬೇಕಲ್ಲ.

ಮನೆಯಲ್ಲಿ ತುಳುವೋ ಉರ್ದುವೋ, ಶಾಲೆಯಲ್ಲಿ ಇಂಗ್ಲಿಷ್ ಇದ್ದಾಗ ‘ಮನೆಮಾತು ಬಿಡಿಸಿ’ ಎಂಬ ಸಲಹೆ ಸಲೀಸಾಗಿ ಬರುತ್ತದೆ. ಅದು ತಪ್ಪು. ಹೆಚ್ಚು ಭಾಷೆಗಳಿಂದ ಡಿಎಲ್‌ಡಿ ಬರುವುದಿಲ್ಲ. ತೊಂದರೆ ಇದ್ದರೆ ಅದು ಮನೆಮಾತಿನಲ್ಲೂ ಕಾಣಿಸುತ್ತದೆ. ಆದ್ದರಿಂದ ಪರೀಕ್ಷೆ ಆ ಮಾತಿನಲ್ಲೂ ಆಗಬೇಕು. ಇದಕ್ಕೆಂದು 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಕೈಗೆಟಕುವಲ್ಲೇ ಇದೆ.

ಇಂಗ್ಲೆಂಡಿನಲ್ಲಿ ವಾಕ್ ಚಿಕಿತ್ಸಕಿ ಸೂಸನ್ ಎಬೆಲ್ಸ್ ಇಂಥ ಮಕ್ಕಳಿಗೆ ವಾಕ್ಯದ ಭಾಗಗಳಿಗೆ ಬಣ್ಣ, ಆಕಾರ ಕೊಟ್ಟು ಕಲಿಸುವ ವಿಧಾನ ರೂಪಿಸಿದ್ದಾರೆ. ತರಗತಿಯಲ್ಲಿ ಅಷ್ಟೂ ಬೇಡ. ‘ಕೈ ತೊಳೆಯುವ ಮೊದಲು ಪುಸ್ತಕ ಎತ್ತಿಡು’ ಎನ್ನುವ ಬದಲು ‘ಪುಸ್ತಕ ಎತ್ತಿಡು. ಆಮೇಲೆ ಕೈ ತೊಳೆ’ ಅನ್ನಬಹುದು. ‘ಅರ್ಥವಾಯಿತಾ?’ ಎಂದು ಮಾತ್ರ ಕೇಳಬೇಡಿ, ಅದಕ್ಕೆ ಉತ್ತರ ಹೂಂ. ‘ಈಗ ಏನು ಮಾಡ್ತೀಯ?’ ಎಂದು ಕೇಳಿ.